ವೆಲ್ಡರನ ಕೈರುಚಿ

ಜನವರಿ 20

ಚಿಲ್ಟುವಿನ ಅಮ್ಮನಿಗೆ,

ನಾನು ಇಲ್ಲಿಗೆ ಬಂದು ಕ್ರೇನ್ ಹತ್ತಿ ಕೂತು ಎರಡು ವಾರವಾಯಿತು. ಈ ಕಣಿವೆಯ ತಳದಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಮಾತಾಡಬೇಕೆಂದರೆ ಗುಡ್ಡ ಹತ್ತಿ ಕಚೇರಿಯ ಫೋನಿನ ಮುಂದೆ ಸಾಲು ನಿಲ್ಲಬೇಕು, ಹಿಂದಿನವರೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡಿರುತ್ತಾರೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನಗಬೇಡ.

ಸೇತುವೆಯ ಎರಡು ಕಂಬ ಎದ್ದಿವೆ. ನಮ್ಮ ಶೆಡ್ಡಿನಲ್ಲಿ ನಾನೂ ಸೇರಿ ಏಳು ಜನ. ಬೆಂಕಿಯ ಭಯಕ್ಕೆ ಒಂದು ಶೆಡ್ಡಿಗೆ ಒಂದೇ ಬರ್ನರಿನ ಒಲೆ ಎಂದು ಕಂಪನಿಯವರು ಕಟ್ಟುನಿಟ್ಟು ಮಾಡಿದ್ದಾರೆ. ಒಲೆ ಒಂದು ಅಂದಮೇಲೆ ಪಾತ್ರೆಯೂ ಒಂದೇ. ಏನೇ ಬೇಯಿಸಿದರೂ ಎಲ್ಲ ಅದರೊಳಗೇ, ಒಟ್ಟಿಗೆ. ನಿನ್ನ ನಾಲ್ಕು ಪಾತ್ರೆಯ ಊಟ ಉಂಡು ಬಂದವನಿಗೆ ಮೊದಲ ದಿನ ಅಳು ಬರುವಂತಾಗಿತ್ತು.

ಆದರೆ ನಿನ್ನೆ ನಮ್ಮ ವೆಲ್ಡರ್ ಒಂದು ಅಡುಗೆ ಮಾಡಿದ ನೋಡು! ತಳದಲ್ಲಿ ಈರುಳ್ಳಿಯನ್ನು ಕಂದು ಬಣ್ಣ ಬರುವ ತನಕ ಬಾಡಿಸಿ, ಅದರ ಮೇಲೆ ಕೋಳಿ, ಅದರ ಮೇಲೆ ಕುಂಬಳಕಾಯಿ ಹೋಳು, ಎಲ್ಲಕ್ಕಿಂತ ಮೇಲೆ ಅಕ್ಕಿ. ನೀರು ಹಾಕಿ, ಮುಚ್ಚಳ ಮುಚ್ಚಿ, ಅದರ ಮೇಲೊಂದು ಇಟ್ಟಿಗೆ ಇಟ್ಟ. ಆಮೇಲೆ ಒಂದು ಸಲವೂ ಮುಚ್ಚಳ ತೆಗೆಯಲಿಲ್ಲ. ಕಿವಿಗೊಟ್ಟು ಕೇಳುತ್ತಾ ಕೂತಿದ್ದ. ಒಳಗಿನ ಗುಳುಗುಳು ನಿಂತು ಸಣ್ಣಗೆ ಚಿಟಿಚಿಟಿ ಶುರುವಾದ ಕೂಡಲೇ ಒಲೆ ಆರಿಸಿದ. ಭಾರ ಎತ್ತುವಾಗ ತಂತಿಹಗ್ಗದ ಸದ್ದು ಬದಲಾಗುತ್ತದಲ್ಲ, ಹಾಗೆ. ಪಾತ್ರೆಯ ತಳದಲ್ಲಿ ಅಂಟಿಕೊಂಡಿದ್ದ ಕೆಂಪನೆಯ ಪದರಕ್ಕೆ ಏಳು ಜನ ಕಿತ್ತಾಡಿದೆವು. ಅವನ ಕೈರುಚಿಯೇ ಬೇರೆ.

ಚಿಲ್ಟು ಲೆಕ್ಕದಲ್ಲಿ ಕಳ್ಳಾಟ ಆಡುತ್ತಾಳೆ, ನೋಡಿಕೋ.

ನಿನ್ನ,
ಕ್ರೇನಿನವನು


ಫೆಬ್ರವರಿ 2

ಚಿಲ್ಟುವಿನ ಅಪ್ಪನಿಗೆ,

ಪತ್ರ ತಲುಪಿತು. ನೀವು ಕ್ಷೇಮವೆಂದು ತಿಳಿದು ಸಂತೋಷ. ವೆಲ್ಡರ್ ಕೂಡ ಕ್ಷೇಮವೆಂದು ತಿಳಿಯಿತು.

ಹನ್ನೊಂದು ವರ್ಷದಿಂದ ನಿಮಗೆ ಬಡಿಸುತ್ತಿದ್ದೇನೆ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಗಾಜು ಉಜ್ಜಿ, ಬೆರಳೆಲ್ಲ ಮರಗಟ್ಟಿಸಿಕೊಂಡು ಮನೆಗೆ ಬಂದು, ನಾಲ್ಕು ಬರ್ನರ್ ಹಚ್ಚಿ ನಾಲ್ಕು ಪಾತ್ರೆ ಇಡುತ್ತೇನೆ. ಆ ಹನ್ನೊಂದು ವರ್ಷದಲ್ಲಿ ನನ್ನ ಅಡುಗೆಯ ಬಗ್ಗೆ ನಿಮ್ಮ ಬಾಯಿಂದ ಬಂದ ಮಾತು ಎರಡು. ಒಂದು "ಉಪ್ಪು ಕೊಡು." ಇನ್ನೊಂದು "ಸಾಕು." ಎರಡೇ ವಾರ ಉಣ್ಣಿಸಿದ ಆ ಪುಣ್ಯಾತ್ಮನಿಗೆ ಒಂದು ಪುಟ!

ಚಿಲ್ಟುವಿಗೆ ನಿಮ್ಮ ಪತ್ರ ಓದಿ ಹೇಳಿದೆ. ಅವಳು, "ಅಮ್ಮಾ, ಕುಂಬಳಕಾಯಿ ನೀನೂ ಮಾಡ್ತೀಯಲ್ಲ, ಅಪ್ಪ ಅದನ್ನ ತಟ್ಟೆ ಅಂಚಿಗೆ ತಳ್ತಿದ್ರು" ಅಂದಳು. ಮಕ್ಕಳ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ನಾನಂತೂ ಹಾಕಲಿಲ್ಲ.

ಇಂತಿ,
ಉಪ್ಪು ಕೊಟ್ಟವಳು


ಫೆಬ್ರವರಿ 25

ಚಿಲ್ಟುವಿನ ಅಮ್ಮನಿಗೆ,

ನಿನ್ನ ಅಡುಗೆ ಚೆನ್ನಾಗಿಲ್ಲ ಎಂದು ನಾನು ಎಲ್ಲಿ ಬರೆದೆ? ಹಾಗೆಲ್ಲ ಮುಖ ಗಂಟು ಹಾಕಿಕೊಳ್ಳಬೇಡ.

ಇಲ್ಲಿ ಗಾಳಿ ಜೋರಾಗಿ ಬೀಸಿ ಮೂರು ದಿನ ಕ್ರೇನ್ ನಿಂತಿತ್ತು. ಕೆಲಸವಿಲ್ಲದೆ ಎಲ್ಲರ ತಲೆ ಕೆಟ್ಟು, ಮಾತಿಗೆ ಮಾತು ಬೆಳೆದು, ಇಬ್ಬರು ಕೊರಳಪಟ್ಟಿ ಹಿಡಿದುಕೊಂಡಿದ್ದರು. ಆಗ ವೆಲ್ಡರ್ ಏನು ಮಾಡಿದ ಗೊತ್ತೇ? ಆಲೂಗೆಡ್ಡೆ, ಎಲೆಕೋಸು, ನೆನೆಹಾಕಿದ ಕಾಳು, ಬೆಳ್ಳುಳ್ಳಿಯನ್ನು ಇಡಿಇಡಿಯಾಗಿ ಹಾಕಿ ಸಣ್ಣ ಉರಿಯಲ್ಲಿ ಅರ್ಧ ದಿನ ಬೇಯಿಸಿದ. ಘಮ ಶೆಡ್ಡಿನ ತುಂಬ ಹರಡಿದ ಹಾಗೆ ಜಗಳವಾಡುತ್ತಿದ್ದವರ ದನಿ ತಗ್ಗಿತು. ಕೊನೆಗೆ ಇಬ್ಬರೂ ತಟ್ಟೆ ಹಿಡಿದುಕೊಂಡು ಒಬ್ಬರ ಹಿಂದೆ ಒಬ್ಬರು ನಿಂತಿದ್ದರು. "ಇನ್ನೊಂದು ಸೌಟು ಹಾಕಪ್ಪಾ" ಎಂದು ಕಣ್ಣು ಮುಚ್ಚಿಕೊಂಡು ಕೇಳುತ್ತಾರೆ, ಮಕ್ಕಳ ಹಾಗೆ. ಅದನ್ನು ನೋಡಿದರೆ ಮನಸ್ಸಿಗೆ ಏನೋ ಒಂದು ನೆಮ್ಮದಿ. ಅವನಿಗೆ, ಅಂದರೆ ವೆಲ್ಡರನಿಗೆ.

ಅಂಥ ಹದ ಗೊತ್ತಿರುವವರು ಸಾವಿರಕ್ಕೊಬ್ಬರು. ಅದೂ ಯಾರೂ ಕಲಿಸದೆ ತಾನೇ ಕಲಿತದ್ದು!

ನಿನ್ನ,
ಕ್ರೇನಿನವನು


ಮಾರ್ಚ್ 16

ಚಿಲ್ಟುವಿನ ಅಪ್ಪನಿಗೆ,

ನಿಮ್ಮ ವೆಲ್ಡರ್ ಗಂಡಸೇ ತಾನೇ? ನನ್ನ ಅಕ್ಕ ಕೇಳು ಅಂದಳು, ಕೇಳಿದ್ದೇನೆ.

ಗಂಡಸಾದರೂ ನನಗೇನೂ ಸಮಾಧಾನವಿಲ್ಲ. ಹೆಂಗಸಾಗಿದ್ದರೆ ಅವಳ ಕೂದಲು ಹಿಡಿದು ಕೇಳಬಹುದಿತ್ತು. ಗಂಡಸನ್ನು ಏನು ಹಿಡಿದು ಕೇಳಲಿ? ಹೌದು, ನನಗೆ ಹೊಟ್ಟೆಕಿಚ್ಚು. ಮುಚ್ಚಿಟ್ಟುಕೊಂಡು ಏನಾಗಬೇಕು? ಅಂಗಡಿಯಲ್ಲಿ ಗಾಜು ಉಜ್ಜುತ್ತಾ ಕೂತಾಗಲೂ ಆ ಇಟ್ಟಿಗೆ ಹೊತ್ತ ಪಾತ್ರೆಯೇ ಕಣ್ಣ ಮುಂದೆ ಬರುತ್ತದೆ. ಮೊನ್ನೆ ಒಬ್ಬ ಮೇಷ್ಟ್ರ ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿಬಿಟ್ಟೆ. ಅವರು ಮೆಟ್ಟಿಲಲ್ಲಿ ಎಡವಿ, ವಾಪಸು ಬಂದು ನನಗೆ ಚೆನ್ನಾಗಿ ಮಂಗಳಾರತಿ ಮಾಡಿದರು.

ಭಾನುವಾರ ನಾನೂ ಒಂದೇ ಪಾತ್ರೆಯಲ್ಲಿ ಮಾಡಿದೆ. ನೀವು ಬರೆದಿದ್ದಂತೆಯೇ ಈರುಳ್ಳಿ, ಕೋಳಿ, ಕುಂಬಳ, ಅಕ್ಕಿ. ಇಟ್ಟಿಗೆ ಸಿಗಲಿಲ್ಲ, ನಿಮ್ಮ ಇಸ್ತ್ರಿಪೆಟ್ಟಿಗೆ ಇಟ್ಟೆ. ಚಿಟಿಚಿಟಿ ಕೇಳಿಸಿತು, ಆದರೆ ಅದು ಪಕ್ಕದ ಮನೆಯವರ ರೇಡಿಯೋ ಇರಬೇಕೆಂದುಕೊಂಡೆ. ಕೆಳಗೆ ಇದ್ದಿಲು, ಮೇಲೆ ಗಂಟುಗಂಟು ಅಕ್ಕಿ. ಚಿಲ್ಟು ಒಂದು ತುತ್ತು ತಿಂದು, "ಅಮ್ಮಾ, ಇದನ್ನ ವೆಲ್ಡಿಂಗ್ ಮಾಡಿಸಬೇಕು" ಅಂದಳು. ಅವಳ ಕಿವಿ ಹಿಂಡಿದೆ. ಆಮೇಲೆ ನನಗೂ ನಗು ಬಂತು. ಆಮೇಲೆ ಅಳು ಬಂತು, ಅದನ್ನು ಅವಳಿಗೆ ತೋರಿಸಲಿಲ್ಲ.

ಜೂನ್ ತಿಂಗಳಿಗೆ ಬರುತ್ತೀರಲ್ಲ, ಬನ್ನಿ. ನನ್ನ ಕೈಯಲ್ಲಿ ಏನಿಲ್ಲ, ಆ ಕೈಯಲ್ಲಿ ಏನಿದೆ ಎಂದು ಎದುರಿಗೆ ಕೂತು ಹೇಳಿ.

ಇಂತಿ,
ಇದ್ದಿಲು ತಿಂದವಳು


ಏಪ್ರಿಲ್ 9

ಚಿಲ್ಟುವಿನ ಅಮ್ಮನಿಗೆ,

ವೆಲ್ಡರ್ ಗಂಡಸೇ. ಕಿಡಿ ಬಿದ್ದು ಮೀಸೆಯ ಒಂದು ಕಡೆ ಸುಟ್ಟುಹೋಗಿದೆ, ಇನ್ನೊಂದು ಕಡೆಯದನ್ನು ಬೋಳಿಸಲು ಅವನಿಗೆ ಮನಸ್ಸಿಲ್ಲ. ನಿನ್ನ ಅಕ್ಕನಿಗೆ ತಿಳಿಸು.

ಇನ್ನೊಂದು ವಿಷಯ ಹೇಗೆ ಬರೆಯಬೇಕೆಂದು ತಿಳಿಯದೆ ಇಷ್ಟು ದಿನ ತಳ್ಳಿದೆ. ನದಿಯ ಕೆಳಗಡೆ ಇನ್ನೊಂದು ಸೇತುವೆ ಕಟ್ಟುತ್ತಾರಂತೆ. ಇನ್ನೂ ಒಂದು ವರ್ಷ ಇರುತ್ತೀಯಾ ಎಂದು ಎಂಜಿನಿಯರ್ ಕೇಳಿದರು. ಬೇಡವೆಂದರೆ ಜೂನ್ ಕೊನೆಗೆ ಮೊದಲಿನಂತೆ ನಮ್ಮ ಗೋದಾಮಿನ ಕ್ರೇನಿಗೆ ಬರಬಹುದು. ಸಂಬಳದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವೇನಿಲ್ಲ. ನಮ್ಮ ಶೆಡ್ಡಿನವರೆಲ್ಲ ಇರುತ್ತಾರೆ. ನಾನು ಇನ್ನೂ ಏನೂ ಹೇಳಿಲ್ಲ.

ಮುಂದಿನ ತಿಂಗಳು ವೆಲ್ಡರ್ ರಜೆಗೆ ಹೋಗುತ್ತಾ ನಮ್ಮ ಊರಿನ ಮೇಲೆಯೇ ಹಾದುಹೋಗುತ್ತಾನೆ. ಒಂದು ಡಬ್ಬಿ ಜೇನುತುಪ್ಪ ಕೊಟ್ಟು ಕಳಿಸುತ್ತೇನೆ. ಬಾಗಿಲಲ್ಲೇ ಇಸಿದುಕೋ. ಅವನಿಗೆ ರೈಲಿನ ಅವಸರ, ಒಳಗೆ ಕರೆದು ಕೂರಿಸಬೇಡ.

ನಿನ್ನ,
ಕ್ರೇನಿನವನು


ಏಪ್ರಿಲ್ 20

ಸಂಬಳ ಹೆಚ್ಚಿಲ್ಲ. ಮನೆ ಇಲ್ಲಿದೆ. ಮಗಳು ಇಲ್ಲಿದ್ದಾಳೆ. ಆದರೂ "ಇನ್ನೂ ಏನೂ ಹೇಳಿಲ್ಲ" ಎಂದು ಬರೆಯುತ್ತೀರಿ. ಒಂದು ಪಾತ್ರೆ ಅನ್ನಕ್ಕೆ ಗಂಡನನ್ನು ಕಳೆದುಕೊಂಡವಳು ಈ ಲೋಕದಲ್ಲಿ ನಾನೊಬ್ಬಳೇ ಇರಬೇಕು.

ವೆಲ್ಡರ್ ಬರಲಿ.


ಮೇ 18

ಚಿಲ್ಟುವಿನ ಅಪ್ಪನಿಗೆ,

ಜೇನುತುಪ್ಪ ಬಂತು. ಬಾಗಿಲಲ್ಲಿ ಇಸಿದುಕೊಳ್ಳಲಿಲ್ಲ.

ಅವರು ಬರುತ್ತಾರೆಂದು ಗೊತ್ತಿದ್ದ ನಾನು ಅಂಗಡಿಗೆ ಅರ್ಧ ದಿನ ರಜೆ ಹಾಕಿದ್ದೆ. ಕೋಳಿ, ಕುಂಬಳಕಾಯಿ, ಈರುಳ್ಳಿ, ಅಕ್ಕಿ ತಂದು ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿದ್ದೆ. ದಪ್ಪ ತಳದ ಪಾತ್ರೆ ಬೆಳಗಿಟ್ಟಿದ್ದೆ. ಈ ಸಲ ಇಟ್ಟಿಗೆಯನ್ನೂ ಹುಡುಕಿ ತಂದು ತೊಳೆದಿದ್ದೆ. ಆ ಕೈ ಅದೇನು ಮಾಯೆ ಮಾಡುತ್ತದೋ ಪಕ್ಕದಲ್ಲೇ ನಿಂತು ನೋಡಿಬಿಡಬೇಕು, ನೋಡಿ ಕಲಿಯಬೇಕು, ಕಲಿತು ನಿಮ್ಮನ್ನು ಜೂನಿಗೆ ಎಳೆದು ತರಬೇಕು. ಇದೇ ನನ್ನ ಲೆಕ್ಕಾಚಾರ.

ಒಳಗೆ ಕರೆದೆ. ಪಾಪ, ಅರ್ಧ ಮೀಸೆಯ ಮನುಷ್ಯ, ಚಪ್ಪಲಿ ಬಿಟ್ಟು ಮುದುಡಿಕೊಂಡು ಬಂದರು. ನೀರು ಕೊಟ್ಟೆ. ಆಮೇಲೆ ನೇರವಾಗಿ ಅಡುಗೆಮನೆಗೆ ಕರೆದುಕೊಂಡು ಹೋಗಿ ಕೈಗೆ ಚಾಕು ಕೊಟ್ಟೆ.

"ಮಾಡಿ ತೋರಿಸಿ" ಅಂದೆ.

"ಏನ್ ಮಾಡ್ಲಿ ಅತ್ತಿಗೆ?"

"ನಿಮ್ಮ ಒಂದು ಪಾತ್ರೆ ಅಡುಗೆ. ಹೆಸರುವಾಸಿ ಅಲ್ವಾ ನೀವು?"

ಅವರು ಚಾಕು ನೋಡಿದರು, ನನ್ನ ಮುಖ ನೋಡಿದರು, ಕೋಳಿಯ ಮುಖ ನೋಡಿದರು. ನಾನು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ ಭಂಗಿಗೆ ಇಲ್ಲವೆನ್ನುವ ಧೈರ್ಯ ಅವರಿಗೆ ಬರಲಿಲ್ಲವೆಂದು ಕಾಣುತ್ತದೆ. ಈರುಳ್ಳಿಯನ್ನು ಸಿಪ್ಪೆ ಸಮೇತ ಅಡ್ಡಡ್ಡ ಕತ್ತರಿಸಿದರು. ಕಣ್ಣಲ್ಲಿ ಧಾರಾಕಾರ ನೀರು. "ನಮ್ ವೆಲ್ಡಿಂಗ್ ಮುಖವಾಡ ತರಬೇಕಿತ್ತು ಅತ್ತಿಗೆ" ಅಂದರು. ಒಣ ಪಾತ್ರೆಗೆ ತೊಳೆಯದ ಅಕ್ಕಿ ಸುರಿದು ಉರಿಯನ್ನು ಪೂರ್ತಿ ಏರಿಸಿದರು. ಅಕ್ಕಿ ಪಟಪಟ ಸಿಡಿದು ಒಂದು ಕಾಳು ಅವರ ಕತ್ತಿನೊಳಗೆ ಹೋಯಿತು.

ಚಿಲ್ಟು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಅಮ್ಮಾ, ಈ ಮಾಮಂಗೆ ಏನೂ ಬರಲ್ಲ!" ಅಂದಳು.

"ನಿಜ ಕಣಮ್ಮ" ಅಂದರು ಅವರು, ಚಾಕು ಕೆಳಗಿಟ್ಟು. "ಅಣ್ಣ ನಂಗೆ ಈರುಳ್ಳಿ ಸುಲಿಯೋಕೂ ಬಿಡಲ್ಲ ಅತ್ತಿಗೆ. ಒಂದ್ಸಲ ಮುಚ್ಚಳ ಎತ್ತಿ ನೋಡಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದ."

"ಯಾವ ಅಣ್ಣ?"

"ನಮ್ ಕ್ರೇನ್ ಅಣ್ಣ. ನಿಮ್ಮನೆಯವ್ರು."

ನಾನು ಒಲೆ ಆರಿಸಿದೆ. ಅಕ್ಕಿ ಡಬ್ಬದ ಮೇಲೆ ಕೂತೆ. ಅವರು ಇನ್ನೂ ಹೇಳುತ್ತಲೇ ಇದ್ದರು: "ದಿನಾ ಅಣ್ಣಂದೇ ಅಡುಗೆ. ಮನೇಲಿ ಯಾರಣ್ಣ ಮಾಡೋದು ಅಂತ ಕೇಳಿದ್ರೆ, ನಾನೇ ಅಂತಾನೆ. ಅತ್ತಿಗೆ ಎಷ್ಟು ಅದೃಷ್ಟವಂತರು, ದಿನಾ ಇಂಥ ಊಟ ಕೂತಲ್ಲೇ ಬರುತ್ತೆ ಅಂತ ನಾವಾರು ಜನಾನೂ ಹೊಟ್ಟೆ ಉರ್ಕೊಳ್ತೀವಿ."

ನನ್ನನ್ನು ಕಂಡು! ಆರು ಜನ! ಹೊಟ್ಟೆ ಉರಿದುಕೊಳ್ಳುತ್ತಾರಂತೆ!

ನಾನು ಏನು ಹೇಳಿದೆ ಗೊತ್ತೇ? "ಹೂಂ, ಅವರೇ ಮಾಡ್ತಾರೆ. ನಂಗೂ ಕೂತು ತಿಂದು ತಿಂದು ಸಾಕಾಗಿದೆ" ಅಂದೆ. ನಿಮ್ಮ ಮಾನ ಕಾಪಾಡಲು ಅಲ್ಲ, ನನ್ನದನ್ನು ಕಾಪಾಡಿಕೊಳ್ಳಲು. ಚಿಲ್ಟು ಬಾಯಿ ತೆರೆದಳು, ಅವಳ ಕಾಲು ತುಳಿದೆ.

ಅವರಿಗೆ ಅವಸರವಸರದಲ್ಲಿ ನಾಲ್ಕು ಪಾತ್ರೆಯ ಊಟ ಮಾಡಿ ಬಡಿಸಿ ಕಳಿಸಿದೆ. ಮನುಷ್ಯ ಒಳ್ಳೆಯವರು. ತಟ್ಟೆ ಖಾಲಿ ಮಾಡಿ, "ಬಲು ಚೆನ್ನಾಗಿತ್ತು ಅತ್ತಿಗೆ" ಅಂದರು. ನಿಮ್ಮ ಮನೆಯ ಅಡುಗೆಕಟ್ಟೆಯ ಮುಂದೆ ಈ ಮಾತು ಕೇಳಿಸಿದ್ದು ಇದೇ ಮೊದಲು.

ಈಗ ನೀವು ಹೇಳಿ.

ಇಂತಿ,
ಅದೃಷ್ಟವಂತೆ


ಮೇ 29

ಚಿಲ್ಟುವಿನ ಅಮ್ಮನಿಗೆ,

ಐದು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಮೊದಲ ವಾರ ಇಲ್ಲಿ ಎಲ್ಲರೂ ಒಬ್ಬೊಬ್ಬರಾಗಿ ಬೇಯಿಸಿ ಎಲ್ಲವನ್ನೂ ಹಾಳು ಮಾಡಿದ್ದರು. ನನ್ನ ಸರದಿ ಬಂದಾಗ ನಾನೂ ಹಾಳು ಮಾಡುತ್ತೇನೆಂದೇ ಕೂತೆ. ಆದರೆ ಪಾತ್ರೆಯ ಸದ್ದು ನನಗೆ ಅರ್ಥವಾಯಿತು ನೋಡು. ಹದಿನೈದು ವರ್ಷ ಕ್ರೇನಿನ ಡಬ್ಬಿಯಲ್ಲಿ ಕೂತು ಕಣ್ಣಿಗೆ ಕಾಣದ ಭಾರವನ್ನು ಸದ್ದಿನಲ್ಲೇ ಹಿಡಿದವನು. ಅದು ಒಲೆಯ ಮುಂದೆಯೂ ಕೆಲಸಕ್ಕೆ ಬರುತ್ತದೆಂದು ಯಾರಿಗೆ ಗೊತ್ತಿತ್ತು? ಅಂದು ಶೆಡ್ಡಿನವರು "ಇನ್ನೊಂದು ಸೌಟು" ಅಂದಾಗ ನನಗೆ ಆದ ಸಂತೋಷವನ್ನು ಯಾರಿಗಾದರೂ ಹೇಳಲೇಬೇಕಿತ್ತು. ನಿನ್ನನ್ನು ಬಿಟ್ಟು ಯಾರಿದ್ದಾರೆ?

ಆದರೆ "ನಾನು ಮಾಡಿದೆ" ಎಂದು ಬರೆಯಲು ಹೋದರೆ ಪೆನ್ನು ನಿಂತಿತು. ನೀನು ಕೇಳುವ ಮೊದಲ ಪ್ರಶ್ನೆ ನನಗೆ ಗೊತ್ತಿತ್ತು: ಇಷ್ಟು ವರ್ಷ ಈ ಕೈಗೆ ಏನಾಗಿತ್ತು? ಅದಕ್ಕೇ ವೆಲ್ಡರನ ಹೆಸರು ಬರೆದೆ. ಒಂದು ಸಲ ಬರೆದ ಮೇಲೆ ಬಾಲ ಬೆಳೆಯುತ್ತಾ ಹೋಯಿತು.

ಇನ್ನೂ ಒಂದು ನಿಜ. ನಾನು ಇಲ್ಲಿ ಉಳಿಯುವ ಯೋಚನೆ ಮಾಡಿದ್ದು ಸಂಬಳಕ್ಕಲ್ಲ. ಮನೆಗೆ ಬಂದರೆ ನಿನ್ನ ಅಡುಗೆಮನೆಯಲ್ಲಿ ನನಗೆ ಕಾಲಿಡಲು ಜಾಗವಿಲ್ಲ. ಒಂದು ಸಲ ಬಂದಿದ್ದೆ, "ಕಾಲಿಗೆ ಸಿಗ್ತೀರಿ, ಹೊರಗೆ ನಡೀರಿ" ಅಂತ ನೀನೇ ಅಂದೆ. ನನಗೂ ಹೊರಗೆ ನಡೆಯುವುದೇ ಸುಖವಾಗಿತ್ತು, ನಡೆದೆ. ಈಗ ಹಾಗಿಲ್ಲ.

ಎಂಜಿನಿಯರಿಗೆ ಜೂನ್ ಇಪ್ಪತ್ತರೊಳಗೆ ಹೇಳಬೇಕು.

ನಿನ್ನ,
ಕ್ರೇನಿನವನು


ಜೂನ್ 5

ಚಿಲ್ಟುವಿನ ಅಪ್ಪನಿಗೆ,

ನಿಮ್ಮ ಹಳೆಯ ಪತ್ರಗಳನ್ನು ಮತ್ತೆ ಓದಿದೆ. ಸಾವಿರಕ್ಕೊಬ್ಬ! ಯಾರೂ ಕಲಿಸದೆ ತಾನೇ ಕಲಿತವನು! ಪುಟಗಟ್ಟಲೆ ನಿಮ್ಮ ಬೆನ್ನು ನೀವೇ ತಟ್ಟಿಕೊಂಡಿದ್ದೀರಲ್ಲ, ನಾಚಿಕೆಯಾಗಲಿಲ್ಲವೇ?

ಕೇಳಬೇಕಾದ ಪ್ರಶ್ನೆಯನ್ನು ನೀವೇ ಕೇಳಿಕೊಂಡಿದ್ದೀರಿ, ಹಾಗಾಗಿ ನಾನು ಕೇಳುವುದಿಲ್ಲ. ಬೈಯಲು ಕೂತರೆ ಈ ಕಾಗದ ಸಾಲದು. ಎದುರಿಗೆ ಸಿಕ್ಕಾಗ ಬೈಯುತ್ತೇನೆ.

ನನ್ನ ಹೊಟ್ಟೆಕಿಚ್ಚು ಆರಿತೆಂದು ತಿಳಿಯಬೇಡಿ. ಜಾಗ ಬದಲಾಯಿಸಿದೆ, ಅಷ್ಟೇ. ಇಷ್ಟು ದಿನ ವೆಲ್ಡರ್ ಬೇಯಿಸುತ್ತಾರೆಂದು ಉರಿದುಕೊಂಡೆ. ಈಗ ಅವರು ಉಣ್ಣುತ್ತಾರೆಂದು ಉರಿದುಕೊಳ್ಳುತ್ತಿದ್ದೇನೆ. ನಿಮ್ಮ ಕೈಯ ಅಡುಗೆಯನ್ನು ಯಾರೋ ಆರು ಜನ ತಟ್ಟೆ ಹಿಡಿದು, ಕಣ್ಣು ಮುಚ್ಚಿಕೊಂಡು ಉಂಡರು. ನನಗೆ ಒಂದು ತುತ್ತೂ ಸಿಗಲಿಲ್ಲ. ನಾನು ಯಾರು? ಅಂಗಡಿಯಿಂದ ಸುಸ್ತಾಗಿ ಬಂದು ಬಾಗಿಲು ತೆಗೆದಾಗ ಒಳಗಿಂದ ಘಮ ಬರುವುದೆಂದರೆ ಹೇಗಿರುತ್ತದೆ ಎಂದು ನನಗೂ ಗೊತ್ತಾಗಬಾರದೇ?

ನನ್ನ ಅಡುಗೆಮನೆಯನ್ನು ಬಿಟ್ಟುಕೊಡುವ ಮಾತೇ ಇಲ್ಲ. ಆದರೆ ನಾಲ್ಕರಲ್ಲಿ ಒಂದು ಬರ್ನರ್ ನಿಮಗೆ ಕೊಡುತ್ತೇನೆ. ಒಂದೇ.

ಇಂತಿ,
ಇನ್ನೂ ಉಣ್ಣದವಳು


ಜೂನ್ 11

ದೊಡ್ಡ ಬರ್ನರೋ, ಚಿಕ್ಕದೋ?

ಕ್ರೇನಿನವನು


ಜೂನ್ 14

ಚಿಕ್ಕದು. ಮೂಲೆಯದು.


ಜೂನ್ 17

ಮೂಲೆಯದರಲ್ಲಿ ಹಾಲು ಕಾಯುವುದೇ ಕಷ್ಟ, ಅಕ್ಕಿ ಕೋಳಿ ಹೇಗೆ ಬೇಯಬೇಕು? ಎಂಜಿನಿಯರ್ ಈಗ ಎದುರಿಗೇ ಇದ್ದಾರೆ, ಇನ್ನು ಮೂರು ದಿನ ಕಾಯುತ್ತಾರಂತೆ. ದೊಡ್ಡದು ಕೊಡು.

ಕ್ರೇನಿನವನು


ಜೂನ್ 19 (ಕಚೇರಿಯ ಫೋನಿನವರು ಬರೆದುಕೊಂಡ ಚೀಟಿ)

ಕ್ರೇನ್ ಚಾಲಕರಿಗೆ, ನಿಮ್ಮ ಮನೆಯಿಂದ: "ದೊಡ್ಡದು. ಭಾನುವಾರ ಮಾತ್ರ. ಹೊರಡಿ."


ಆಗಸ್ಟ್ 3

ವೆಲ್ಡರ್ ಅವರಿಗೆ, ನಿಮ್ಮ ಅತ್ತಿಗೆ ಮಾಡುವ ನಮಸ್ಕಾರ.

ನಿಮ್ಮ ಪತ್ರ ಅವರ ಹೆಸರಿಗೆ ಬಂದಿತ್ತು, ನಾನೇ ಒಡೆದೆ. ಅಣ್ಣ ಹೋದ ಮೇಲೆ ಶೆಡ್ಡಿನಲ್ಲಿ ಬ್ರೆಡ್ಡು ತಿಂದು ಬದುಕುತ್ತಿದ್ದೀರೆಂದು, ಆರು ತಿಂಗಳ ಮಟ್ಟಿಗಾದರೂ ಅವರನ್ನು ಕಳಿಸಿಕೊಡಬೇಕೆಂದು ಎಲ್ಲರೂ ಸಹಿ ಹಾಕಿ ಕೇಳಿಕೊಂಡಿದ್ದೀರಿ. ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ನನಗಿಂತ ಚೆನ್ನಾಗಿ ಯಾರಿಗೂ ಅರ್ಥವಾಗಲಾರದು.

ಒಂದು ವಿಷಯ ಹೇಳಬೇಕು. ನೀವು ಬಂದ ದಿನ ನಾನು ಸುಳ್ಳು ಹೇಳಿದೆ. ಅವರ ಅಡುಗೆಯನ್ನು ನಾನು ಅಲ್ಲಿಯ ತನಕ ಉಂಡೇ ಇರಲಿಲ್ಲ. ಕಳೆದ ತಿಂಗಳು ಮೊದಲ ಸಲ ಉಂಡೆ. ನನ್ನ ಅಡುಗೆಮನೆಯಲ್ಲಿ, ನನ್ನ ದೊಡ್ಡ ಬರ್ನರಿನ ಮುಂದೆ, ನನ್ನ ಪಾತ್ರೆಗೆ ಕಿವಿಗೊಟ್ಟು ಅವರು ಕೂತಿದ್ದರು. ನನ್ನನ್ನು "ಹೊರಗೆ ನಡಿ" ಅಂದರು! ಮೈಯೆಲ್ಲ ಉರಿಯಿತು, ಆದರೂ ಹೋದೆ. ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತು, ಒಳಗಿಂದ ಘಮ ಬರುವ ತನಕ ಕಾದೆ. ನಾನು ಅಡುಗೆಗೆ ಕಾದದ್ದು ಮದುವೆಯಾದ ಮೇಲೆ ಅದೇ ಮೊದಲು.

ನನ್ನದಕ್ಕಿಂತ ಚೆನ್ನಾಗಿತ್ತು. ಇದನ್ನು ಬರೆಯಲು ಎಷ್ಟು ಸಂಕಟವಾಗುತ್ತದೆ ನಿಮಗೆ ತಿಳಿಯದು. ಚಿಲ್ಟು ಈಗ ವಾರದ ಆರು ದಿನ ನನ್ನ ನಾಲ್ಕು ಪಾತ್ರೆ ನೋಡಿ, "ಭಾನುವಾರ ಯಾವಾಗ?" ಎಂದು ಕೇಳುತ್ತಾಳೆ. ಉಂಡವರು ನೀವು, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ಅವರಿಗೆ ಹೇಳಿಲ್ಲ. ನಾನು ಮೂರು ಸಲ ಹಾಕಿಸಿಕೊಂಡೆ, ಪ್ರತಿ ಸಲವೂ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ತಲೆ ತಗ್ಗಿಸಿ, "ಉಪ್ಪು ಕೊಡಿ" ಅಂದೆ. ಅವರ ಮುಖ ಬಾಡಿತು. ಆಮೇಲೆ ಏನೋ ಹೊಳೆದಂತೆ ಜೋರಾಗಿ ನಕ್ಕುಬಿಟ್ಟರು. ನಕ್ಕು ನಕ್ಕು ಕಣ್ಣು ಒರೆಸಿಕೊಂಡರು.

ಅವರು ನನ್ನ ಕೈಯಲ್ಲಿ ಹನ್ನೊಂದು ವರ್ಷ ಉಂಡು ತುಟಿ ಪಿಟಕ್ಕೆನ್ನಲಿಲ್ಲ. ನಾನೂ ಹನ್ನೊಂದು ವರ್ಷ ಉಣ್ಣುತ್ತೇನೆ, ಆಮೇಲೆ ಹೇಳುತ್ತೇನೆ. ಅಲ್ಲಿಯ ತನಕ ಅವರನ್ನು ಎಲ್ಲಿಗೂ ಕಳಿಸುವುದಿಲ್ಲ.

ಇಂತಿ,
ನಿಮ್ಮ ಅತ್ತಿಗೆ